ಕಾರ್ಖಾನೆಯ ನೆಲ: ಬಾಳಿಕೆ ನಿರ್ಧಾರವಾಗುವುದು ಜಾಯಿಂಟ್‌ಗಳಲ್ಲಿ

ಕಾರ್ಖಾನೆ ಅಥವಾ ಗೋದಾಮಿನ ಕಾಂಕ್ರೀಟ್ ನೆಲ ಮೊದಲು ಹಾಳಾಗುವುದು ಸಾಮಾನ್ಯವಾಗಿ ನೆಲದಲ್ಲಿ ಬೇಕೆಂದೇ ಕೊರೆದ ಸಂದುಗಳ, ಅಂದರೆ ಜಾಯಿಂಟ್‌ಗಳ ಅಂಚಿನಲ್ಲಿ. ಪ್ಯಾಲೆಟ್ ಟ್ರಕ್ಕಿನ ಚಿಕ್ಕ, ಗಟ್ಟಿ ಚಕ್ರ ಸಂದು ದಾಟುವಾಗ ಕೂದಲೆಳೆಯಷ್ಟು ಕೆಳಗಿಳಿದು ಎದುರಿನ ಅಂಚಿಗೆ ಬಡಿಯುತ್ತದೆ. ಇದೇ ಪೆಟ್ಟು ದಿನವೂ ನೂರಾರು ಸಲ ಬಿದ್ದರೆ ಅಂಚು ಚಕ್ಕೆಚಕ್ಕೆಯಾಗಿ ಎದ್ದು, ಸಂದು ಅಗಲವಾಗಿ, ಮುಂದಿನ ಪೆಟ್ಟು ಇನ್ನಷ್ಟು ಜೋರಾಗುತ್ತದೆ. ನೆಲವನ್ನು ದಪ್ಪ ಮಾಡಿದ ಮಾತ್ರಕ್ಕೆ ಇದು ತಪ್ಪುವುದಿಲ್ಲ.

ವಿನ್ಯಾಸಕ್ಕೆ ಕೂರುವ ಮೊದಲು ಭಾರಗಳ ಪಟ್ಟಿ ಮಾಡಿಕೊಳ್ಳಬೇಕು. ಚದರ ಮೀಟರಿಗೆ ಇಷ್ಟು ಟನ್ ಎಂಬ ಲೆಕ್ಕವೊಂದೇ ಸಾಲದು, ಏಕೆಂದರೆ ಎತ್ತರದ ರ‍್ಯಾಕಿನ ಒಂದೊಂದು ಕಾಲೂ ಹಲವು ಟನ್ ಭಾರವನ್ನು ಅಂಗೈಯಗಲದ ತಗಡಿನ ಮೇಲೆ ಊರುತ್ತದೆ. ನೆಲದಡಿಯ ಮಣ್ಣನ್ನು ಪದರಪದರವಾಗಿ ದಮ್ಮಸ್ಸು ಮಾಡಿ, ಎಲ್ಲೆಡೆ ಒಂದೇ ಸಮನಾದ ಬಿಗುವು ಬರುವಂತೆ ನೋಡಿಕೊಳ್ಳಬೇಕು. ಪೈಪಿಗಾಗಿ ಅಗೆದು ಮುಚ್ಚಿದ ಕಾಲುವೆಗಳ ಮೇಲೆ ವಿಶೇಷ ಕಣ್ಣಿರಲಿ. ಬಿರುಕು ಅಲ್ಲಿಂದಲೇ ಶುರುವಾಗುವುದುಂಟು.

ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ, ಕುಗ್ಗುವಾಗ ಎಲ್ಲಾದರೂ ಸೀಳಿಯೇ ಸೀಳುತ್ತದೆ. ಆ ಸೀಳು ಎಲ್ಲಿ ಬರಬೇಕೆಂಬುದನ್ನು ನಾವೇ ಗೊತ್ತುಮಾಡುವುದಕ್ಕೆ ಜಾಯಿಂಟ್ ಕೊರೆಯುತ್ತೇವೆ. ನೀರು-ಸಿಮೆಂಟ್ ಅನುಪಾತವನ್ನು 0.5ರೊಳಗೆ ಹಿಡಿದಿಟ್ಟರೆ ಕುಗ್ಗುವಿಕೆಗೂ ಸ್ವಲ್ಪ ಕಡಿವಾಣ ಬೀಳುತ್ತದೆ. ಜಾಯಿಂಟ್‌ಗಳ ನಡುವಿನ ಅಂತರವು ಸ್ಲ್ಯಾಬಿನ ದಪ್ಪದ 24ರಿಂದ 30 ಪಟ್ಟು ಇರಬೇಕು, ಅಂದರೆ 150 ಮಿ.ಮೀ. ದಪ್ಪಕ್ಕೆ 3.6ರಿಂದ 4.5 ಮೀಟರ್, ಕೊರೆತದ ಆಳ ದಪ್ಪದ ಕಾಲುಭಾಗ. ಸಂದುಗಳ ನಡುವಿನ ಅಂಕಣಗಳು ಆದಷ್ಟು ಚೌಕವಾಗಿರಲಿ, ಕಂಬಗಳ ಸುತ್ತ ನೆಲವನ್ನು ಕಂಬಕ್ಕೆ ಅಂಟದಂತೆ ಬಿಡಿಸಿಡಲಿ. ವಾಹನ ಓಡಾಡುವ ಜಾಯಿಂಟ್‌ಗಳಿಗೆ ಎರಡೂ ಬದಿಯ ನೆಲದೊಳಗೆ ಚಾಚಿಕೊಳ್ಳುವ ನುಣುಪಾದ ಉಕ್ಕಿನ ಸರಳು (ಡೋವೆಲ್) ಹಾಕಿ, ಒಂದು ಬದಿ ಅಂಟಿಕೊಳ್ಳದಂತೆ ಗ್ರೀಸ್ ಸವರಿದರೆ ಭಾರ ಆಚೆಗೆ ದಾಟುತ್ತದೆ, ಕುಗ್ಗುವುದಕ್ಕೂ ಅಡ್ಡಿಯಾಗುವುದಿಲ್ಲ.

ಸಂದು ಕೊರೆಯಲು ಗರಗಸ ಹಿಡಿಯುವ ಸಮಯವೇ ನಿಜವಾದ ಪರೀಕ್ಷೆ. ಬ್ಲೇಡಿಗೆ ಜಲ್ಲಿ ಕಿತ್ತು ಬರದಷ್ಟು ಗಟ್ಟಿಯಾದ ಕೂಡಲೇ ಕೊರೆಯಬೇಕು. ಬೇಸಗೆಯಲ್ಲಿ ಮರುದಿನ ಬೆಳಗಿನವರೆಗೆ ಕಾದರೆ ಬಿರುಕು ತನ್ನ ದಾರಿಯನ್ನು ತಾನೇ ಹಿಡಿದಿರುತ್ತದೆ. ಮೇಲ್ಮೈಗೆ ಒಸರಿದ ನೀರು ಆರುವ ಮುನ್ನ ನುಣುಪು ಮಾಡುವ ಕರಣೆ (ಟ್ರೊವೆಲ್) ಆಡಿಸುವುದಾಗಲಿ, ಅದನ್ನು ಹೀರಿಸಲೆಂದು ಒಣ ಸಿಮೆಂಟ್ ಎರಚುವುದಾಗಲಿ ಸಲ್ಲದು, ಏಕೆಂದರೆ ಹಾಗೆ ಮಾಡಿದ ಮೇಲ್ಪದರ ಕೆಲವೇ ದಿನಗಳಲ್ಲಿ ಧೂಳೇಳುತ್ತದೆ. ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ಒಣಗಲು ಬಿಡದೆ ತೇವವಾಗಿಡುವುದು, ಕನಿಷ್ಠ 7 ದಿನ ನಡೆಯಲಿ.

ಆಮ್ಲ ಚೆಲ್ಲುವ ಕಡೆ ಬರಿ ಕಾಂಕ್ರೀಟ್ ನಿಲ್ಲದು. ಹಾಲು ಹುಳಿತಾಗ ಹುಟ್ಟುವ ಲ್ಯಾಕ್ಟಿಕ್ ಆಮ್ಲವೂ ಅದನ್ನು ತಿನ್ನುತ್ತದೆ. ಕುದಿನೀರಿನಿಂದ ತೊಳೆಯುವ ಜಾಗದಲ್ಲಿ ಸಾಮಾನ್ಯ ಎಪಾಕ್ಸಿ (ಗಟ್ಟಿಯಾಗುವ ಕೃತಕ ರಾಳ) ಲೇಪ ಮೆದುವಾಗುವುದರಿಂದ ಪಾಲಿಯುರೆಥೇನ್ ಸಿಮೆಂಟ್ ಲೇಪವೇ ಸೂಕ್ತ.

ಕೊರೆದ ಸಂದುಗಳನ್ನು ಅರೆಗಟ್ಟಿ ಎಪಾಕ್ಸಿಯಿಂದ ಪೂರ್ತಿ ಆಳಕ್ಕೆ ತುಂಬಿ ಅಂಚುಗಳಿಗೆ ಆಸರೆ ಕೊಡಬೇಕು. ಕಾಂಕ್ರೀಟ್ ತಿಂಗಳುಗಟ್ಟಲೆ ಕುಗ್ಗುತ್ತಲೇ ಇರುವುದರಿಂದ ಈ ಕೆಲಸವನ್ನು ಸಾಧ್ಯವಾದಷ್ಟು ತಡವಾಗಿ ಮಾಡಿ, ಮುಂದೆ ತುಂಬಿದ್ದು ಅಂಚಿನಿಂದ ಬಿಟ್ಟುಕೊಂಡರೆ ಮತ್ತೆ ತುಂಬಿಸಬೇಕು.