ಎರೆಮಣ್ಣಲ್ಲಿ ಬೆಳ್ಳುಳ್ಳಿ ಬುಡ ಕೊಳೆಯೋದು ನಿಂತಿದ್ದು ಹೀಗೆ
ಎಲೆ ತುದಿಯಿಂದ ಹಳದಿ, ಕಿತ್ತರೆ ಬೇರೇ ಇಲ್ಲ, ಗಡ್ಡೆಯ ತಳದಲ್ಲಿ ಬಿಳಿ ಬೂಷ್ಟು: ಇದು ಬುಡಕೊಳೆ. ಗೊಬ್ಬರ ಸಾಲದು ಅಂತ ಇನ್ನಷ್ಟು ಸುರಿದರೆ ಕೆಟ್ಟಿತು. ಕಾರಣ, ಸಪಾಟು ಮಡಿಯಲ್ಲಿ ನಿಂತ ನೀರು ಮತ್ತು ಪೂರ್ತಿ ಕಳಿಯದ ತಿಪ್ಪೆಗೊಬ್ಬರ.

ಅಕ್ಟೋಬರ್ ಬಿತ್ತನೆಗೆ ಅರ್ಧ ಅಡಿ ಎತ್ತರದ ಏರುಮಡಿ ಮಾಡಿ ಡ್ರಿಪ್ ಎಳೆದೆ. ಚೆನ್ನಾಗಿ ಕಳಿತ 100 ಕೆಜಿ ಗೊಬ್ಬರಕ್ಕೆ 1 ಕೆಜಿ ಟ್ರೈಕೋಡರ್ಮಾ (ಕೊಳೆರೋಗದ ಬೂಷ್ಟನ್ನು ತಡೆಯುವ ಒಳ್ಳೆ ಶಿಲೀಂಧ್ರದ ಪುಡಿ) ಬೆರೆಸಿ, ನೆರಳಲ್ಲಿ ಒದ್ದೆ ಗೋಣಿಚೀಲ ಹೊದಿಸಿ 15 ದಿನ ಇಟ್ಟು ಮಡಿಗೆ ಹಾಕಿದೆ. ಬೀಜಕ್ಕೆ ಹೊರಸುತ್ತಿನ ದಪ್ಪ ಎಸಳು ಮಾತ್ರ. ಬಿಡಿಸುವಾಗ ತಳಕ್ಕೆ ಉಗುರು ತಾಗಿದ್ದು ಒಗ್ಗರಣೆಗೆ ಹೋಗಲಿ, ಗಾಯದಲ್ಲೇ ಬೂಷ್ಟು ಹೊಕ್ಕುತ್ತದೆ. ತುದಿ ಮೇಲಾಗಿ 5 ಸೆಂ.ಮೀ. ಆಳ, ಸಾಲಿಂದ ಸಾಲಿಗೆ 15, ಎಸಳಿಂದ ಎಸಳಿಗೆ 10 ಸೆಂ.ಮೀ. ಅದೇ ಮಡಿಗೆ ಮುಂದಿನ ವರ್ಷ ಈರುಳ್ಳಿಯೂ ಬೇಡ, ಜೋಳ ಹಾಕಿ. ಕೀಳೋದಕ್ಕೆ 15 ದಿನ ಮುಂಚೆ ನೀರು ಬಂದ್.