ಮದನಪಲ್ಲಿ ಸಾಲು: ನಾನು ಮೆಟಾ ಅನಾಲಿಸಿಸ್ ಕಲಿತಿದ್ದು ಹೀಗೆ

ಕಮ್ಯುನಿಟಿ ಮೆಡಿಸಿನ್ ಪಿಜಿ ಎರಡನೇ ವರ್ಷದಲ್ಲಿ ಗರ್ಭಿಣಿಯರಿಗೆ ಕೊಡೋ ಕಬ್ಬಿಣದ ಮಾತ್ರೆ ಬಗ್ಗೆ ಒಂದು ಸಿಸ್ಟಮ್ಯಾಟಿಕ್ ರಿವ್ಯೂ (ಒಂದು ಪ್ರಶ್ನೆ ಮೇಲೆ ಬಂದ ಸ್ಟಡಿಗಳನ್ನೆಲ್ಲಾ ಕ್ರಮವಾಗಿ ಹುಡುಕಿ ಓದೋದು) ಶುರು ಮಾಡಿದ್ದೆ. ಪೇಪರ್ ಹುಡುಕೋದು ಓದೋದು ಎಲ್ಲಾ ಆಯ್ತು, ಆದ್ರೆ ಎಲ್ಲದರ ರಿಸಲ್ಟ್ ಸೇರಿಸಿ ಒಂದು ಉತ್ತರ ತೆಗೀಬೇಕಲ್ಲ, ಅದೇ ಮೆಟಾ ಅನಾಲಿಸಿಸ್, ಅಲ್ಲಿಗೆ ಬಂದಾಗ ಕೈಯೇ ಓಡ್ಲಿಲ್ಲ. ಸಾಫ್ಟ್‌ವೇರಲ್ಲಿ ಬಟನ್ ಒತ್ತಿದ್ರೆ ಫಾರೆಸ್ಟ್ ಪ್ಲಾಟ್ (ಎಲ್ಲಾ ಸ್ಟಡಿಗಳ ರಿಸಲ್ಟ್ ಒಟ್ಟಿಗೆ ತೋರಿಸೋ ಚಿತ್ರ) ಬರತ್ತೆ, ಆದ್ರೆ ಆ ನಂಬರ್ ಎಲ್ಲಿಂದ ಬಂತು ಅಂತ ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಗೈಡ್ ಮೇಡಂ, "ನಿನ್ನ ಡೇಟಾ ಸ್ವಲ್ಪ ದಿನ ಪಕ್ಕಕ್ಕಿಡಮ್ಮ, ಬಿಸಿಜಿ ಡೇಟಾ ತಗೊಂಡು ಕೈಯಲ್ಲೇ ಲೆಕ್ಕ ಮಾಡು, ಕೂಡೋಕೆ ಮುಂಚೆ ಒಂದೊಂದು ಸ್ಟಡಿ ಯಾವ ಊರಲ್ಲಿ ನಡೀತು ಅಂತ ನೋಡು" ಅಂದ್ರು.

ಬಿಸಿಜಿ ಲಸಿಕೆ ಟಿಬಿ ತಡೆಯುತ್ತಾ ಅನ್ನೋದರ ಬಗ್ಗೆ 13 ಟ್ರಯಲ್‌ಗಳ ಡೇಟಾ ಅದು, 1994ರಲ್ಲಿ ಕೋಲ್ಡಿಟ್ಜ್ ಮತ್ತು ಜೊತೆಗಾರರು ಮಾಡಿದ ಮೆಟಾ ಅನಾಲಿಸಿಸ್‌ನದ್ದು. ಆರ್ ಸಾಫ್ಟ್‌ವೇರಿನ ಮೆಟಾಫಾರ್ ಪ್ಯಾಕೇಜ್ ಜೊತೆಗೆ ಉಚಿತವಾಗೇ ಸಿಗತ್ತೆ. ಒಂದೊಂದು ಸಾಲೂ ಒಂದೊಂದು ಟ್ರಯಲ್, ನೋಡ್ತಾ ಹೋದೆ. ಫ್ರಿಮೋಟ್ ಮೋಲರ್, 1973, ಅಕ್ಷಾಂಶ 13. ಯಾವೂರು ಅಂತ ಹುಡುಕಿದ್ರೆ ಮದನಪಲ್ಲಿ! ನಮ್ಮಜ್ಜಿ ಮನೆ ಶ್ರೀನಿವಾಸಪುರ, ಅಲ್ಲಿಂದ ಗಡಿ ದಾಟಿದ್ರೆ ಮದನಪಲ್ಲಿ, ಟೊಮೇಟೊ ಮಾರ್ಕೆಟ್ಟು, ಆರೋಗ್ಯವರಂ ಟಿಬಿ ಆಸ್ಪತ್ರೆ ಎಲ್ಲಾ ಕೇಳಿ ಬೆಳೆದಿದ್ದೆ. ಅವತ್ತಿಂದ ಅದು ನನಗೆ ಬರೀ ನಂಬರ್ ಆಗಿ ಉಳೀಲಿಲ್ಲ. ಇನ್ನೊಂದು ಸಾಲು ಚೆಂಗಲ್ಪಟ್ಟಿನದ್ದು, ಡೇಟಾದಲ್ಲಿ ಮದ್ರಾಸ್ ಅಂತಿದೆ, ಎಲ್ಲಕ್ಕಿಂತ ದೊಡ್ಡ ಟ್ರಯಲ್ಲು. ಲಸಿಕೆ ಹಾಕಿಸ್ಕೊಂಡ 88,391 ಜನರಲ್ಲಿ 505 ಮಂದಿಗೆ ಟಿಬಿ, ಹಾಕಿಸ್ಕೊಳ್ಳದ ಅಷ್ಟೇ ಜನರಲ್ಲಿ 499. ಅಂದ್ರೆ ಏನೂ ವ್ಯತ್ಯಾಸ ಇಲ್ಲ. ಬ್ರಿಟನ್‌ನ ಟ್ರಯಲಲ್ಲಿ ನೋಡಿದ್ರೆ 13,598ರಲ್ಲಿ 62, ಆ ಕಡೆ 12,867ರಲ್ಲಿ 248, ಅಪಾಯ ಸುಮಾರು ಕಾಲು ಭಾಗಕ್ಕೆ ಇಳಿದಿದೆ. ಒಂದೇ ಲಸಿಕೆ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡೋ ತಪ್ಪು. 13 ಟ್ರಯಲ್‌ದೂ ಸೀದಾ ಕೂಡಿಬಿಟ್ಟೆ: 1,91,064ರಲ್ಲಿ 1,065, ಇನ್ನೊಂದು ಕಡೆ 1,66,283ರಲ್ಲಿ 1,510, ರಿಲೇಟಿವ್ ರಿಸ್ಕ್ (ಲಸಿಕೆ ಹಾಕಿಸ್ಕೊಂಡೋರ ಅಪಾಯವನ್ನ ಹಾಕಿಸ್ಕೊಳ್ಳದೋರ ಅಪಾಯದಿಂದ ಭಾಗಿಸಿದ್ದು) 0.61. ಮೇಡಂ ನೋಡಿ, ಹೀಗೆ ಕೂಡಿದ್ರೆ ಒಂದು ಟ್ರಯಲ್‌ನ ಲಸಿಕೆ ಗುಂಪನ್ನ ಬೇರೆ ದೇಶದ ಕಂಟ್ರೋಲ್ (ಲಸಿಕೆ ಇಲ್ಲದ) ಗುಂಪಿನ ಜೊತೆ ಹೋಲಿಸಿದ ಹಾಗಾಗತ್ತೆ, ಪ್ರತಿ ಟ್ರಯಲ್ ಒಳಗೇ ಹೋಲಿಕೆ ಮುಗಿಸಿ ಆಮೇಲೆ ಸೇರಿಸು ಅಂದ್ರು. ಸರಿ, ಒಂದೊಂದಕ್ಕೂ ರಿಲೇಟಿವ್ ರಿಸ್ಕ್ ತೆಗೆದು ಲಾಗ್ ಮಾಡ್ದೆ (ಅರ್ಧ ಆಗೋದು, ಎರಡರಷ್ಟಾಗೋದು ಸೊನ್ನೆಯಿಂದ ಎರಡೂ ಕಡೆ ಒಂದೇ ದೂರದಲ್ಲಿ ಕೂರ್ಲಿ ಅಂತ ಲಾಗ್, ಇದು ಗೊತ್ತಾದ ಮೇಲೆ ಭಯ ಹೋಯ್ತು), ವೇರಿಯೆನ್ಸ್ (ಆ ಉತ್ತರ ಎಷ್ಟು ಅಲುಗಾಡತ್ತೆ ಅನ್ನೋ ಅಳತೆ, ಕಮ್ಮಿ ಇದ್ದಷ್ಟೂ ನಿಖರ) ತೆಗ್ದೆ, 1ನ್ನ ವೇರಿಯೆನ್ಸಿಂದ ಭಾಗಿಸಿದ್ರೆ ಅದೇ ಸರಾಸರಿಯಲ್ಲಿ ಆ ಟ್ರಯಲಿಗೆ ಸಿಗೋ ತೂಕ. ಆ ತೂಕದ ಪ್ರಕಾರ ಸರಾಸರಿ ತೆಗೆದು ಲಾಗ್ ಬಿಚ್ಚಿದ್ರೆ ಬರೋ ಫಿಕ್ಸ್ಡ್ ಎಫೆಕ್ಟ್ ಉತ್ತರ 0.65. ಅದರಲ್ಲಿ ಚೆಂಗಲ್ಪಟ್ಟು ಒಂದಕ್ಕೇ ಸುಮಾರು 41% ತೂಕ.

ಆಮೇಲೆ ರ‍್ಯಾಂಡಮ್ ಎಫೆಕ್ಟ್ಸ್. ಇದು ಅರ್ಥ ಆಗೋಕೆ ನನಗೆ ಎರಡು ವಾರ ಬೇಕಾಯ್ತು. ಫಿಕ್ಸ್ಡಲ್ಲಿ ನಾವು ಅಂದ್ಕೊಳ್ಳೋದು ಎಲ್ಲಾ ಊರಲ್ಲೂ ಲಸಿಕೆಯ ನಿಜವಾದ ಪರಿಣಾಮ ಒಂದೇ, ಕಾಣೋ ವ್ಯತ್ಯಾಸ ಎಲ್ಲಾ ಬರೀ ಆಕಸ್ಮಿಕ ಅಂತ. ರ‍್ಯಾಂಡಮಲ್ಲಿ ಆ ನಿಜವಾದ ಪರಿಣಾಮವೇ ಊರಿಂದ ಊರಿಗೆ ಬೇರೆ ಇರಬಹುದು ಅಂತ ಒಪ್ಕೊಂಡು, ಎಷ್ಟು ಹರಡಿದೆ ಅನ್ನೋದನ್ನ ಟೌ ಸ್ಕ್ವೇರ್ ಅಂತ ಅಳೆದು ಪ್ರತಿಯೊಂದರ ವೇರಿಯೆನ್ಸಿಗೂ ಸೇರಿಸ್ತೀವಿ. ಇಲ್ಲಿ ಅದು 0.31. ಚೆಂಗಲ್ಪಟ್ಟಿನ ಸ್ವಂತ ವೇರಿಯೆನ್ಸ್ 0.004, ಬ್ರಿಟನ್‌ದು 0.02, ಎರಡಕ್ಕೂ 0.31 ಸೇರಿದ ಮೇಲೆ ಎರಡೂ ಹೆಚ್ಚುಕಮ್ಮಿ ಸಮ, ತಲಾ 10% ಹತ್ರ. ಈ ಲೆಕ್ಕ ಕೈಯಲ್ಲಿ ಮಾಡಿದ ದಿನವೇ ನನಗೆ ವಿಷಯ ಒಳಗಿಳಿದಿದ್ದು. ಉತ್ತರ ಈಗ 0.49, ಕಾನ್ಫಿಡೆನ್ಸ್ ಇಂಟರ್ವಲ್ (ಸರಾಸರಿ ಪರಿಣಾಮ ಇರಬಹುದಾದ ವ್ಯಾಪ್ತಿ) 0.34ರಿಂದ 0.70. ಅದೇ ಡೇಟಾ, ಮೂರು ಉತ್ತರ.

ಟಿಬಿ ಅರ್ಧಕ್ಕೆ ಇಳಿಯತ್ತೆ ಅಂತ ಬರೆದು ಮುಗಿಸೋಣ ಅನ್ಸಿತ್ತು. ಆದ್ರೆ ಐ ಸ್ಕ್ವೇರ್ (ಕಾಣೋ ವ್ಯತ್ಯಾಸದಲ್ಲಿ ಆಕಸ್ಮಿಕ ಅಲ್ಲದ ಪಾಲು) 92%, ಮತ್ತೆ ಪ್ರೆಡಿಕ್ಷನ್ ಇಂಟರ್ವಲ್ 0.15ರಿಂದ 1.55. ಅಂದ್ರೆ ಹೊಸ ಊರಲ್ಲಿ ಟ್ರಯಲ್ ಮಾಡಿದ್ರೆ ಲಸಿಕೆ ತುಂಬಾ ಚೆನ್ನಾಗಿ ಕೆಲಸ ಮಾಡಬಹುದು, ಒಂಚೂರೂ ಮಾಡದೇನೂ ಇರಬಹುದು. 0.49 ಅಂತ ಬರೆದು ಇದನ್ನ ಬಿಡೋದು ಓದೋರಿಗೆ ಮಾಡೋ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ಎಷ್ಟೋ ಪೇಪರಲ್ಲಿ ಬಿಟ್ಟಿರ್ತಾರೆ. ಮೆಟಾ ರಿಗ್ರೆಶನ್‌ನಲ್ಲಿ (ಪರಿಣಾಮದ ವ್ಯತ್ಯಾಸವನ್ನ ಇನ್ನೊಂದು ಅಂಶದಿಂದ ವಿವರಿಸೋ ಲೆಕ್ಕ) ಅಕ್ಷಾಂಶ ಹಾಕಿದಾಗ ಟೌ ಸ್ಕ್ವೇರ್ 0.31ರಿಂದ 0.08ಕ್ಕೆ ಇಳೀತು. ಸಮಭಾಜಕದಿಂದ ದೂರ ಹೋದಷ್ಟೂ ರಕ್ಷಣೆ ಜಾಸ್ತಿ. ಅಕ್ಷಾಂಶವೇ ಕಾರಣ ಅಂತಲ್ಲ, ಬಿಸಿ ಪ್ರದೇಶದ ಮಣ್ಣು ನೀರಲ್ಲಿರೋ ಟಿಬಿ ಜಾತಿಯ ಬೇರೆ ಬ್ಯಾಕ್ಟೀರಿಯಾಗಳ ಸಂಪರ್ಕ ಇದಕ್ಕೆ ಒಂದು ವಿವರಣೆ; 13 ಟ್ರಯಲಿಂದ ಅದನ್ನ ಸಾಬೀತು ಮಾಡೋಕಾಗಲ್ಲ. (ಇದನ್ನ ಓದಿ ಮಗುಗೆ ಬಿಸಿಜಿ ಬೇಡ ಅಂದ್ಕೋಬೇಡಿ ದಯವಿಟ್ಟು, ಚಿಕ್ಕ ಮಕ್ಕಳಲ್ಲಿ ಮೆದುಳಿಗೆ ಬರೋ ಟಿಬಿ ತರದ ತೀವ್ರ ರೂಪಗಳಿಂದ ಅದು ಕಾಪಾಡತ್ತೆ, ಹುಟ್ಟಿದ ತಕ್ಷಣ ಕೊಡೋದು ಅದಕ್ಕೇ.)

ಆಮೇಲೆ ನನ್ನ ಕಬ್ಬಿಣದ ಡೇಟಾಗೆ ವಾಪಸ್ ಬಂದೆ. ಒಂದು ಸ್ಟಡಿಗೆ ವಿಪರೀತ ತೂಕ ಬರ್ತಿತ್ತು. ಮುಂಚೆ ಆಗಿದ್ರೆ ಒಳ್ಳೇ ಸ್ಟಡಿ ಅಂದ್ಕೊಂಡು ಸುಮ್ಮನಾಗ್ತಿದ್ದೆ, ಈಗ ಪೇಪರ್ ತೆಗೆದು ನೋಡಿದ್ರೆ ಹಿಮೋಗ್ಲೋಬಿನ್‌ಗೆ ಪ್ಲಸ್ ಮೈನಸ್ 0.12 ಅಂತಿದೆ, ಬೇರೆ ಎಲ್ಲದರಲ್ಲೂ 1.2 ಆಸುಪಾಸು. ಟೇಬಲ್ ಕೆಳಗೆ ಸಣ್ಣಕ್ಷರದಲ್ಲಿ ಸ್ಟ್ಯಾಂಡರ್ಡ್ ಎರರ್ (ಸರಾಸರಿ ಎಷ್ಟು ಅನಿಶ್ಚಿತ ಅನ್ನೋದು) ಅಂತ ಬರೆದಿತ್ತು, ನಾನು ಸ್ಟ್ಯಾಂಡರ್ಡ್ ಡೀವಿಯೇಶನ್ (ಜನರಿಂದ ಜನರಿಗೆ ಎಷ್ಟು ಹರಡಿದೆ ಅನ್ನೋದು) ಕಾಲಂಗೆ ಹಾಕಿದ್ದೆ. ಎರರನ್ನ ಜನರ ಸಂಖ್ಯೆಯ ವರ್ಗಮೂಲದಿಂದ ಗುಣಿಸಿದ್ರೆ ಡೀವಿಯೇಶನ್ ಸಿಗತ್ತೆ: ಗುಂಪಲ್ಲಿ 100 ಜನ, 100ರ ವರ್ಗಮೂಲ 10, 0.12 ಇಂಟು 10, 1.2. ತಿದ್ದಿದ ಮೇಲೆ ಇಡೀ ಚಿತ್ರ ಬದಲಾಯ್ತು.

ಶುರು ಮಾಡೋರು ಬಿಸಿಜಿ ಡೇಟಾದ ಮೊದಲ ಸಾಲನ್ನ ಕಾಗದದ ಮೇಲೆ ಮಾಡಿ ನೋಡಿ: ಲಸಿಕೆ ಹಾಕಿಸ್ಕೊಂಡ 123ರಲ್ಲಿ 4 ಜನಕ್ಕೆ ಟಿಬಿ, ಹಾಕಿಸ್ಕೊಳ್ಳದ 139ರಲ್ಲಿ 11. ಲಾಗ್ ರಿಲೇಟಿವ್ ರಿಸ್ಕ್ ಮೈನಸ್ 0.89 ಬರ್ಬೇಕು. ಸಾಫ್ಟ್‌ವೇರ್ ಮೈನಸ್ 0.85 ತೋರಿಸಿದ್ರೆ ಟಿಬಿ ಬರದೇ ಇದ್ದೋರ ಕಾಲಂನಲ್ಲಿ ಒಟ್ಟು ಜನರ ಸಂಖ್ಯೆ ಹಾಕಿದೀರ ಅಂತ ಅರ್ಥ, ನನಗೂ ಮೊದಲ ದಿನ ಬಂದಿದ್ದು ಅದೇ 0.85.