ಕ್ಲಾಟ್ ಲಾಜಿಕಲ್ ರೀಸನಿಂಗ್: ಅಸಂಪ್ಶನ್ ಪ್ರಶ್ನೆಗೆ ಉತ್ತರವನ್ನೇ ಉಲ್ಟಾ ಮಾಡಿ ನೋಡಿ

ಕಾನೂನು ಕೋರ್ಸ್‌ಗಳ ಪ್ರವೇಶ ಪರೀಕ್ಷೆ ಕ್ಲಾಟ್‌ನಲ್ಲಿ 'ಲೇಖಕರ ವಾದ ಯಾವ ಊಹೆಯ (ಅಸಂಪ್ಶನ್) ಮೇಲೆ ನಿಂತಿದೆ' ಎಂದು ಕೇಳಿದಾಗ ಆಯ್ಕೆಯನ್ನು ನಿರಾಕರಿಸಿ, ಅಂದರೆ 'ಅದು ನಿಜವಲ್ಲ' ಎಂದು ತಿರುಗಿಸಿ ಓದಿ. ವಾದ ಕುಸಿದರೆ ಅದೇ ಉತ್ತರ. ಆ ಊಹೆ ಇಲ್ಲದೆ ವಾದ ನಿಲ್ಲುವುದೇ ಇಲ್ಲ, ಅದಕ್ಕೇ ಇದು ಕೆಲಸ ಮಾಡುತ್ತದೆ. 'ಬಸ್ ದರ ಇಳಿಸಿದರೆ ವಾಹನ ದಟ್ಟಣೆ ತಗ್ಗುತ್ತದೆ' ಎಂಬ ವಾದ ತೆಗೆದುಕೊಳ್ಳಿ. 'ಸ್ವಂತ ವಾಹನದವರಲ್ಲಿ ಕೆಲವರಾದರೂ ಬಸ್ಸಿಗೆ ಬರುತ್ತಾರೆ' ಎಂಬುದನ್ನು ತಿರುಗಿಸಿದರೆ 'ಒಬ್ಬರೂ ಬರುವುದಿಲ್ಲ' ಎಂದಾಗುತ್ತದೆ, ವಾದ ಬಿತ್ತು. 'ಎಲ್ಲರೂ ಬಸ್ಸಿಗೆ ಬರುತ್ತಾರೆ' ಎಂಬುದನ್ನು ತಿರುಗಿಸಿದರೆ 'ಕೆಲವರು ಬರುವುದಿಲ್ಲ' ಅಷ್ಟೇ. ವಾದಕ್ಕೆ ಏನೂ ಆಗಲಿಲ್ಲ, ಹಾಗಾಗಿ ಅದು ತಪ್ಪು. ಹೆಚ್ಚಿನವರು ಎಡವುವುದು ಇಲ್ಲೇ: 'ಎಲ್ಲರೂ' ಎಂಬುದರ ನಿರಾಕರಣೆ 'ಯಾರೂ ಇಲ್ಲ' ಅಲ್ಲ, 'ಎಲ್ಲರೂ ಅಲ್ಲ'. ಇದನ್ನು ತಪ್ಪಾಗಿ ತಿರುಗಿಸಿದರೆ ತಪ್ಪು ಆಯ್ಕೆಯೂ ಸರಿಯೆಂದೇ ಕಾಣುತ್ತದೆ. ವಾದವನ್ನು ಬಲಪಡಿಸುವ ಅಥವಾ ದುರ್ಬಲಗೊಳಿಸುವ ಪ್ರಶ್ನೆಗಳಿಗೆ ಇದನ್ನು ಬಳಸಬೇಡಿ. ಬಲ ಕೊಡುವ ಮಾತು ವಾದಕ್ಕೆ ಅನಿವಾರ್ಯವೇ ಆಗಿರಬೇಕೆಂದಿಲ್ಲ, ತಿರುಗಿಸಿದರೂ ವಾದ ಉಳಿಯಬಹುದು. 120 ನಿಮಿಷಕ್ಕೆ 120 ಪ್ರಶ್ನೆ, ಪ್ಯಾಸೇಜ್ ಓದುವ ಸಮಯವೂ ಅದರಲ್ಲೇ. ನಾಲ್ಕೂ ಆಯ್ಕೆಗಳನ್ನು ತಿರುಗಿಸುತ್ತಾ ಕೂರಲು ಆಗದು. ವಿಷಯಕ್ಕೇ ಸಂಬಂಧವಿಲ್ಲದ್ದನ್ನು ಮೊದಲು ಹೊಡೆದುಹಾಕಿ, ಉಳಿದ ಎರಡಕ್ಕೆ ಮಾತ್ರ ಮಾಡಿ. ತಪ್ಪು ಉತ್ತರಕ್ಕೆ 0.25 ಅಂಕ ಹೋಗುತ್ತದೆ, ಆದ್ದರಿಂದ ಕೊನೆಯ ಎರಡರ ನಡುವೆ ಅಂದಾಜಿಗೆ ಟಿಕ್ ಹಾಕುವ ಮೊದಲು ಈ ಹತ್ತು ಸೆಕೆಂಡ್ ಖಂಡಿತ ಕೊಡಿ.